ಚೆಂಡು ಹಿಡಿದವರು ಓಡುವ ಹಾಗಿಲ್ಲ

ಉಡುಪಿ ಸಮೀಪದ ಶಾಲೆಯೊಂದರ ಅಂಗಳದಲ್ಲಿ, ಮಳೆ ಹೊಳವಾದ ಒಂದು ಮಧ್ಯಾಹ್ನ, ಐದನೆಯ ತರಗತಿಯ ಮಕ್ಕಳು ಲಗೋರಿ ಆಡುವುದನ್ನು ನೋಡುತ್ತ ನಿಂತಿದ್ದೆ. ಏಳು ಕಲ್ಲುಗಳ ರಾಶಿ ಉರುಳಿದ ಕೂಡಲೇ, ಕಲ್ಲು ಜೋಡಿಸುವವರಿಗೆ ಚೆಂಡೆಸೆದು ಔಟ್ ಮಾಡಬೇಕಾದ ಪಕ್ಷದವರೆಲ್ಲ ಚೆಂಡಿನ ಹಿಂದೆ ಗುಂಪಾಗಿ ಓಡುತ್ತಿದ್ದರು; ಅವರು ಮರಳುವಷ್ಟರಲ್ಲಿ ಲಗೋರಿ ಎದ್ದು ನಿಂತಿರುತ್ತಿತ್ತು. ಮೂರು ಸಲ ಹೀಗಾದ ಮೇಲೆ ದೈಹಿಕ ಶಿಕ್ಷಣ ಶಿಕ್ಷಕರು ವಿಸಿಲ್ ಊದಿದರು. ಯಾರನ್ನೂ ಗದರಲಿಲ್ಲ, ಯಾರು ಎಲ್ಲಿ ನಿಲ್ಲಬೇಕೆಂದೂ ಹೇಳಲಿಲ್ಲ. "ಇನ್ನು ಚೆಂಡು ಹಿಡಿದವರು ಓಡುವ ಹಾಗಿಲ್ಲ" ಎಂದರು, ಅಷ್ಟೆ.

ಮುಂದಿನ ಆಟದಲ್ಲಿ ಚೆಂಡು ಹಿಡಿದ ಹುಡುಗಿ ಕಾಲು ಕಟ್ಟಿದವಳಂತೆ ನಿಂತು, ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ಕಲ್ಲಿನ ಬಳಿ ತನ್ನವರು ಒಬ್ಬರೂ ಇರಲಿಲ್ಲ. ಎರಡು ಸುತ್ತು ಕಳೆಯುವಷ್ಟರಲ್ಲಿ ಇಬ್ಬರು ಅಲ್ಲಿಯೇ ಉಳಿಯತೊಡಗಿದರು. "ಈಗ ಎಂತ ಬದಲಾಯಿತು?" ಎಂದು ಶಿಕ್ಷಕರು ಕೇಳಿದಾಗ ಅವಳೇ ಹೇಳಿದಳು: "ಸರ್, ನಾವು ಓಡುವುದಕ್ಕಿಂತ ಚೆಂಡು ಬೇಗ ಹೋಗ್ತದೆ."

ತಿಳಿವಳಿಕೆಯನ್ನು ಮಗು ತನ್ನ ಅನುಭವದಿಂದ ತಾನೇ ಕಟ್ಟಿಕೊಳ್ಳುತ್ತದೆ ಎನ್ನುವ ರಚನಾವಾದದ ತಿರುಳು ಆ ಒಂದು ವಾಕ್ಯದಲ್ಲಿದೆ. ಮನೋವಿಜ್ಞಾನಿಗಳಾದ ಜೀನ್ ಪಿಯಾಜೆ ಮತ್ತು ಲೆವ್ ವೈಗೋಟ್‌ಸ್ಕಿ ಈ ವಿಚಾರಕ್ಕೆ ತಳಹದಿ ಹಾಕಿದವರು. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಇದನ್ನು ಒಪ್ಪಿಕೊಂಡಿದೆ. ಆದರೆ ಗಣಿತ, ವಿಜ್ಞಾನಗಳ ತರಗತಿಯಲ್ಲಿ ಇದರ ಬಗ್ಗೆ ನಡೆದಷ್ಟು ಚರ್ಚೆ ಮೈದಾನದ ಬಗ್ಗೆ ನಡೆದಿಲ್ಲ ಎಂಬುದು ನನ್ನ ಕೊರಗು.

ದೇಹ ಕಲಿಯುವ ಬಗೆಯನ್ನು ನೋಡಿದರೆ ಮೈದಾನಕ್ಕೇ ಇದು ಹೆಚ್ಚು ಸಲ್ಲಬೇಕು. ಪಿಯಾಜೆ, ವೈಗೋಟ್‌ಸ್ಕಿಯರಂತೆಯೇ 1896ರಲ್ಲಿ ಹುಟ್ಟಿದ ರಷ್ಯಾದ ವಿಜ್ಞಾನಿ ನಿಕೊಲಾಯ್ ಬರ್ನ್‌ಸ್ಟೈನ್, ಸುತ್ತಿಗೆಯಿಂದ ಹೊಡೆಯುವ ನುರಿತ ಕೆಲಸಗಾರರ ಚಲನೆಯನ್ನು 1920ರ ದಶಕದಲ್ಲಿ ಕ್ಯಾಮೆರಾದಲ್ಲಿ ಸೆರೆಹಿಡಿದು ಅಳೆದರು. ಏಟು ಬೀಳುವ ಜಾಗ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಭುಜ, ಮೊಣಕೈ, ಮಣಿಕಟ್ಟುಗಳು ಪ್ರತಿ ಸಲವೂ ಸ್ವಲ್ಪ ಬೇರೆ ಬೇರೆ ರೀತಿಯಲ್ಲಿ ಚಲಿಸುತ್ತಿದ್ದವು. ಅಂದರೆ ಪರಿಣತಿಯೆಂಬುದು ಒಂದೇ ಚಲನೆಯ ನಕಲಲ್ಲ. ಅಭ್ಯಾಸದಲ್ಲಿ ಮರುಕಳಿಸಬೇಕಾದದ್ದು ಸಮಸ್ಯೆಯನ್ನು ಬಿಡಿಸುವ ಕ್ರಿಯೆ, ಸಿದ್ಧ ಉತ್ತರವಲ್ಲ. ಒದ್ದೆ ಮುರಕಲ್ಲಿನ ನೆಲದಲ್ಲಿ ಪುಟಿಯುವ ಚೆಂಡು ಎರಡು ಸಲ ಒಂದೇ ಥರ ಬರುವುದಿಲ್ಲವಲ್ಲ!

ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಡೇವಿಡ್ ಬಂಕರ್ ಮತ್ತು ರಾಡ್ ಥಾರ್ಪ್ 1982ರಲ್ಲಿ ಮಂಡಿಸಿದ ಬೋಧನಾ ಮಾದರಿಯೂ ಇದೇ ಜಾಡಿನದು: ಮೊದಲು ಮಕ್ಕಳ ಅಳವಿಗೆ ತಕ್ಕಂತೆ ಸರಳಗೊಳಿಸಿದ ಆಟ, ಅದರೊಳಗೆ ಯಾವಾಗ ಏನು ಮಾಡಬೇಕೆಂಬ ವಿವೇಚನೆ, ಆ ಬಳಿಕ ಕೌಶಲ.

ಮಕ್ಕಳಿಗೆ ಚೆಂಡು ಕೊಟ್ಟು ಶಿಕ್ಷಕರು ಜಗಲಿಯಲ್ಲಿ ಕುಳಿತುಕೊಳ್ಳುವುದು ಖಂಡಿತ ರಚನಾವಾದವಲ್ಲ. ಯಾವ ನಿಯಮ ಬದಲಿಸಿದರೆ ಯಾವ ಸಮಸ್ಯೆ ಮಕ್ಕಳ ಕಣ್ಣಿಗೆ ಬೀಳುತ್ತದೆ, ಯಾವ ಕ್ಷಣದಲ್ಲಿ ಆಟ ನಿಲ್ಲಿಸಿ ಪ್ರಶ್ನೆ ಕೇಳಬೇಕು ಎಂಬುದನ್ನು ಅರಿಯಲು, ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವುದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕು. ನೇರವಾಗಿ ಹೇಳಿಕೊಡುವುದಕ್ಕೂ ಇಲ್ಲಿ ಜಾಗವಿದೆ. ಅಂದು ಚೆಂಡನ್ನು ದಾಟಿಸಬೇಕೆಂದು ತಿಳಿದ ಮೇಲೆ ಮಕ್ಕಳಿಗೆ ಅದನ್ನು ಹಿಡಿಯುವುದೇ ಕಷ್ಟವಾಯಿತು. "ಕೈಗೆ ಬಂದದ್ದು ಹಾರಿ ಹೋಗ್ತದೆ ಸರ್, ಎಂತ ಮಾಡುದು?" ಎಂದು ಒಬ್ಬ ಕೇಳಿದ. ಶಿಕ್ಷಕರು ಆಗ ಎಲ್ಲರನ್ನೂ ಹತ್ತಿರ ಕರೆದು, ಚೆಂಡು ತಾಗಿದೊಡನೆ ಅಂಗೈಗಳನ್ನು ಎದೆಯ ಕಡೆಗೆ ಮೆಲ್ಲನೆ ಎಳೆದುಕೊಳ್ಳುವುದು ಹೇಗೆಂದು ಹೇಳಿಕೊಟ್ಟರು.