ವಿಪ್ ಹೋದರೆ ಸೀಟು ಹೋಗುವುದಿಲ್ಲ

ಬ್ರಿಟನ್ನಿನ ಯಾವನಾದರೂ ಸಂಸದನ ಹಗರಣ ಬೆಳಗಿನ ಸುದ್ದಿಯಲ್ಲಿ ಬಂತೆಂದರೆ ಹತ್ತು ಗಂಟೆಯೊಳಗೆ ನಮ್ಮ ಕಚೇರಿಯ ಫೋನುಗಳು ಬಡಿದುಕೊಳ್ಳಲು ಶುರು. “ಸಸ್ಪೆಂಡ್ ಮಾಡಿದ್ದಾರಲ್ಲ, ಉಪಚುನಾವಣೆ ಯಾವಾಗ?” ಇಂಗ್ಲೆಂಡಿನ ಒಂದು ಕೌನ್ಸಿಲ್‌ನಲ್ಲಿ ಮತದಾರರ ಪಟ್ಟಿ, ಮತಗಟ್ಟೆ, ಎಣಿಕೆಯ ಕೆಲಸದಲ್ಲಿ ಹದಿನೇಳು ವರ್ಷ ಕಳೆದಿದ್ದೇನೆ. ಈ ಒಂದು ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಉಪಚುನಾವಣೆ ಇಲ್ಲ ಎಂದ ಕೂಡಲೇ ಆ ಕಡೆಯಿಂದ ಬರುವ ಮಾತೂ ಒಂದೇ: “ಹಾಗಾದರೆ ಎಲ್ಲ ಕಳ್ಳರೂ ಒಂದೇ ಬಿಡಿ. ನಾನಿನ್ನು ಓಟೇ ಹಾಕಲ್ಲ.” ಫೋನ್ ಕಟ್.

ಕೂಗಾಡುವವರ ಹತ್ತಿರ ಮಾತಾಡಬಹುದು. ಫೋನ್ ಇಟ್ಟವರ ಹತ್ತಿರ ಆಗುವುದಿಲ್ಲ. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಮುಖ್ಯವಾಗಿ ಇಲ್ಲಿರುವ ಕನ್ನಡದವರಿಗಾಗಿ.

ಸಸ್ಪೆಂಡ್ ಎಂಬ ಒಂದೇ ಪದವನ್ನು ಪತ್ರಿಕೆಗಳು ಎರಡು ಬೇರೆ ಬೇರೆ ಸಂಗತಿಗೆ ಬಳಸುತ್ತವೆ. ಗೊಂದಲ ಹುಟ್ಟುವುದೇ ಅಲ್ಲಿ. ಒಂದು, ಪಕ್ಷ ತನ್ನ ಸಂಸದನನ್ನು ದೂರ ಇಡುವುದು. ಇದನ್ನು ಇಲ್ಲಿ ವಿಪ್ ಹಿಂತೆಗೆದುಕೊಳ್ಳುವುದು ಅನ್ನುತ್ತಾರೆ. ಇನ್ನೊಂದು, ಸದನವೇ ಮತ ಹಾಕಿ ಇಂತಿಷ್ಟು ದಿನ ಒಳಗೆ ಬರಬೇಡ ಎಂದು ಹೊರಗಿಡುವುದು. ಮೊದಲನೆಯದು ಪಕ್ಷದ ಮನೆ ಜಗಳ. ಎರಡನೆಯದು ಮಾತ್ರ, ಅದೂ ಕೆಲವು ಸಲ ಮಾತ್ರ, ಮತದಾರನ ಮನೆ ಬಾಗಿಲಿಗೆ ಬರುತ್ತದೆ.

ಕರ್ನಾಟಕದಲ್ಲಿ 2019ರಲ್ಲಿ ಹದಿನೇಳು ಶಾಸಕರು ಅನರ್ಹಗೊಂಡದ್ದನ್ನು ಕಂಡ ನಮಗೆ ವಿಪ್ ಅಂದ ತಕ್ಷಣ ಸೀಟಿನ ನೆನಪಾಗುವುದು ಸಹಜ. ಭಾರತದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಬ್ರಿಟನ್ನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ವಿಪ್ ಕಳೆದುಕೊಂಡ ಸಂಸದ ಪಕ್ಷದ ಸಭೆಗೆ ಹೋಗುವಂತಿಲ್ಲ, ಅಷ್ಟೆ. ಸೀಟು, ಸಂಬಳ, ಕಚೇರಿ, ಸದನದಲ್ಲಿ ಮತ ಹಾಕುವ ಹಕ್ಕು ಎಲ್ಲ ಹಾಗೇ ಇರುತ್ತವೆ. ಲೇಬರ್ ಪಕ್ಷದ ಮಾಜಿ ನಾಯಕ ಜೆರೆಮಿ ಕಾರ್ಬಿನ್ ಅವರ ವಿಪ್ 2020ರಲ್ಲಿ ಹೋಯಿತು. ಅವರು ಸಂಸದರಾಗಿಯೇ ಉಳಿದು 2024ರಲ್ಲಿ ಪಕ್ಷೇತರರಾಗಿ ನಿಂತು ಗೆದ್ದರು. ಕನ್ಸರ್ವೇಟಿವ್ ಪಕ್ಷದ ಮಾಜಿ ಆರೋಗ್ಯ ಸಚಿವ ಮ್ಯಾಟ್ ಹ್ಯಾನ್‌ಕಾಕ್ ಕ್ಷೇತ್ರ ಬಿಟ್ಟು ಆಸ್ಟ್ರೇಲಿಯಾದ ಕಾಡಿನಲ್ಲಿ ನಡೆಯುವ, ನಮ್ಮ ಬಿಗ್ ಬಾಸ್ ಥರದ ಟಿವಿ ಸ್ಪರ್ಧೆಗೆ 2022ರಲ್ಲಿ ಹೋದಾಗ ವಿಪ್ ಹೋಯಿತು, ಸೀಟು 2024ರವರೆಗೂ ಅವರದೇ. ಮಕ್ಕಳ ಭತ್ಯೆ ಎರಡು ಮಕ್ಕಳಿಗಷ್ಟೇ ಎಂಬ ಮಿತಿಯ ವಿಷಯದಲ್ಲಿ ಸರ್ಕಾರದ ವಿರುದ್ಧ ಮತ ಹಾಕಿದರೆಂದು 2024ರ ಜುಲೈನಲ್ಲಿ ಲೇಬರ್ ಪಕ್ಷ ತನ್ನ ಏಳು ಸಂಸದರ ವಿಪ್ ಕಿತ್ತುಕೊಂಡಿತು. ಆ ಏಳು ಮಂದಿ ಯಾರ ದುಡ್ಡನ್ನೂ ತಿಂದಿರಲಿಲ್ಲ. ಅಂದರೆ ವಿಪ್ ಹೋದ ಮಾತ್ರಕ್ಕೆ ತಪ್ಪು ಮಾಡಿದ್ದಾರೆ ಅಂತಲೂ ಅಲ್ಲ, ತಪ್ಪು ಮಾಡಿದವರ ವಿಪ್ ಹೋಗಿಯೇ ತೀರುತ್ತದೆ ಅಂತಲೂ ಅಲ್ಲ. ಪಕ್ಷವನ್ನೇ ಬದಲಿಸಿದರೂ ಸೀಟಿಗೆ ಕುತ್ತಿಲ್ಲ. ಲೀ ಆಂಡರ್ಸನ್ 2024ರ ಮಾರ್ಚ್‌ನಲ್ಲಿ ಕನ್ಸರ್ವೇಟಿವ್ ಬಿಟ್ಟು ರಿಫಾರ್ಮ್ ಪಕ್ಷ ಸೇರಿದಾಗ ಉಪಚುನಾವಣೆ ನಡೆಯಲಿಲ್ಲ.

ಇಷ್ಟು ಹೇಳಿದ ಮೇಲೂ “ಆದರೂ ಸಸ್ಪೆಂಡ್ ಆಗಿದ್ದಾರಲ್ಲ?” ಎಂದು ಕೇಳುವವರಿದ್ದಾರೆ. ದಯವಿಟ್ಟು ಇದೊಂದು ವಾಕ್ಯ ನೆನಪಿಟ್ಟುಕೊಳ್ಳಿ: ಸಸ್ಪೆಂಡ್ ಮಾಡಿದ್ದು ಯಾರು? ಪಕ್ಷವೋ, ಸದನವೋ? ಸುದ್ದಿ ಓದುವಾಗ ಇದನ್ನೇ ಮೊದಲು ಹುಡುಕಿ.

ಸದನವಾದರೆ ದಿನ ಎಣಿಸಿ. ರೀಕಾಲ್ ಕಾಯ್ದೆ, ಅಂದರೆ ಕ್ಷೇತ್ರದ ಮತದಾರರು ಅರ್ಜಿಗೆ ಸಹಿ ಹಾಕಿ ಸಂಸದನ ಸೀಟು ತೆರವು ಮಾಡಿಸಬಹುದಾದ ಕಾಯ್ದೆ, ಬಂದದ್ದು 2015ರಲ್ಲಿ. ಸಂಸದರು ಮನೆ ಖರ್ಚಿನ ಹೆಸರಲ್ಲಿ ಸರ್ಕಾರದ ದುಡ್ಡು ಬಳಿದುಕೊಂಡದ್ದು 2009ರಲ್ಲಿ ಬಯಲಾಯಿತಲ್ಲ, ಬಾತುಕೋಳಿಯ ಗೂಡಿಗೂ ಬಿಲ್ ಹಾಕಿದ್ದರಲ್ಲ, ಆ ಸಿಟ್ಟಿನಿಂದ ಹುಟ್ಟಿದ ಕಾಯ್ದೆ ಇದು. ಅರ್ಜಿ ತೆರೆಯುವುದು ಮೂರೇ ಸಂದರ್ಭಗಳಲ್ಲಿ. ಸಂಸದನಿಗೆ ಜೈಲು ಶಿಕ್ಷೆಯಾಗಿ ಮೇಲ್ಮನವಿಯ ದಾರಿ ಮುಗಿದಿರಬೇಕು. ಶಿಕ್ಷೆ ಅಮಾನತಿನಲ್ಲಿದ್ದರೂ ಸರಿಯೇ. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಅರ್ಜಿಯೇ ಬೇಡ, ಸೀಟು ನೇರ ಹೋಗುತ್ತದೆ. ಇಲ್ಲವೇ, ನಡತೆ ಸಮಿತಿಯ ವರದಿಯ ಮೇಲೆ ಸದನ ಅವರನ್ನು ಕಲಾಪದ ಲೆಕ್ಕದಲ್ಲಿ ಕನಿಷ್ಠ 10 ದಿನ ಅಥವಾ ಒಟ್ಟು ಕನಿಷ್ಠ 14 ದಿನ ಹೊರಗಿಟ್ಟಿರಬೇಕು. ಇಲ್ಲವೇ, ಸುಳ್ಳು ಖರ್ಚು ತೋರಿಸಿದ ಅಪರಾಧ ಸಾಬೀತಾಗಿರಬೇಕು. ಮಾತು ತಪ್ಪಿದರು, ಕ್ಷೇತ್ರಕ್ಕೆ ಮುಖ ತೋರಿಸಲಿಲ್ಲ ಎಂಬುದಕ್ಕೆ ಈ ಬಾಗಿಲು ತೆರೆಯುವುದಿಲ್ಲ. ಜನರೇ ಮುಂದಾಗಿ ಅರ್ಜಿ ಶುರು ಮಾಡಲೂ ಆಗುವುದಿಲ್ಲ. ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಲಕ್ಷ ಸಹಿ ಬೀಳುವ ಅರ್ಜಿಗಳೇ ಬೇರೆ. ಅವನ್ನು ಚರ್ಚೆಗೆ ಪರಿಗಣಿಸುತ್ತಾರೆ, ಅವುಗಳಿಂದ ಯಾರ ಕುರ್ಚಿಯೂ ಅಲುಗುವುದಿಲ್ಲ. ನಾನು ವಕೀಲನಲ್ಲ, ಕಾಯ್ದೆಗಳು ತಿದ್ದುಪಡಿಯಾಗುತ್ತಿರುತ್ತವೆ. ನಿಮ್ಮ ಕ್ಷೇತ್ರದಲ್ಲಿ ಅಂಥ ಸಂದರ್ಭ ಬಂದರೆ ಕೌನ್ಸಿಲ್‌ನ ಚುನಾವಣಾ ವಿಭಾಗದಲ್ಲಿ ಕೇಳಿಯೇ ಮುಂದುವರಿಯಿರಿ.

ಅಂಥ ಒಂದು ಅರ್ಜಿಯ ಸಹಿ ಕೇಂದ್ರದಲ್ಲಿ ಕೂತು ಕೆಲಸ ಮಾಡಿದ್ದೇನೆ. ಯಾವ ಕ್ಷೇತ್ರ ಎಂದು ಹೇಳುವುದು ಸರಿಯಲ್ಲ, ಜನರ ವಿವರಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಒಂದು ಲೈಬ್ರರಿಯ ಮೂಲೆ, ಮಕ್ಕಳ ಪುಸ್ತಕದ ಕಪಾಟಿನ ಪಕ್ಕ. ಒಂದು ಮೇಜು, ಮತದಾರರ ಪಟ್ಟಿ, ಅಡ್ಡಗಟ್ಟಿದ ರಟ್ಟಿನ ಪರದೆ. ಆರು ವಾರ ಬಾಗಿಲು ತೆರೆದಿತ್ತು. ಎಷ್ಟು ಸಹಿಯಾಯಿತು ಎಂದು ನಡುವೆ ಯಾರಿಗೂ ಹೇಳುವಂತಿಲ್ಲ.

ಎರಡನೆಯ ವಾರ ಮಳೆಯಲ್ಲಿ ನೆನೆದುಕೊಂಡು ಒಬ್ಬ ಅಜ್ಜಿ ಬಂದರು. ಚೀಲದಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, “ಅವರು ಇರಲಿ ಅಂತ ಸಹಿ ಹಾಕಬೇಕು, ಎಲ್ಲಿ ಹಾಕಲಿ?” ಅಂದರು. ಅಂಥ ಹಾಳೆ ಇಲ್ಲಮ್ಮಾ, ಇದು ತೆಗೆಯಬೇಕು ಅನ್ನುವವರ ಸಹಿಗೆ ಮಾತ್ರ, ನೀವು ಹಾಕದೆ ಹೋದರೆ ಅದೇ ನಿಮ್ಮ ಉತ್ತರ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. “ಬಸ್ಸಿನಲ್ಲಿ ಬಂದಿದ್ದೀನಪ್ಪಾ,” ಅಂದರು. ಅದೇ ವಾರ ಹೊರಗೆ ಕಾರಿನಲ್ಲಿ ಒಬ್ಬರು ಎರಡು ದಿನ ಬಂದು ಕೂತು ಹೋದರು. ಮೂರನೆಯ ದಿನ ನಾನೇ ಹೋಗಿ ಮಾತಾಡಿಸಿದೆ. ಒಳಗೆ ಕಾಲಿಟ್ಟರೆ ತಾನು ಸಂಸದನ ವಿರುದ್ಧ ಎಂದು ಇಡೀ ಬೀದಿಗೆ ಗೊತ್ತಾಗುತ್ತದೆ, ಪಕ್ಕದ ಮನೆಯವರು ಅದೇ ಪಕ್ಷದ ಕಾರ್ಯಕರ್ತರು ಎಂಬ ಭಯ ಅವರಿಗೆ. ಆ ಭಯ ಸುಳ್ಳಲ್ಲ. ಮತಗಟ್ಟೆಗೆ ಹೋದವನು ಯಾರಿಗೆ ಹಾಕಿದನೆಂದು ಗೊತ್ತಾಗದು, ಸಹಿ ಕೇಂದ್ರಕ್ಕೆ ಹೋದವನದು ಗೊತ್ತಾಗುತ್ತದೆ. ಅಂಚೆಯಲ್ಲೂ ಸಹಿ ಹಾಕಬಹುದು ಎಂದು ಹೇಳಿ ಫಾರಂ ಕೊಟ್ಟೆ. ಅವರ ಮುಖ ಅರಳಿದ್ದನ್ನು ನೋಡಿ, ಇಷ್ಟು ಸಣ್ಣ ವಿಷಯವನ್ನು ನಾವೇ ಮೊದಲು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕಿತ್ತು ಅನ್ನಿಸಿತು.

ಲೆಕ್ಕ ಹೀಗಿದೆ: ಕ್ಷೇತ್ರದ ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಸಹಿ ಹಾಕಿದರೆ ಸೀಟು ಖಾಲಿ. ಬಂದವರಲ್ಲಿ ಹತ್ತಲ್ಲ, ಪಟ್ಟಿಯಲ್ಲಿರುವವರಲ್ಲಿ ಹತ್ತು. ನಾನು ಬರೆಯುತ್ತಿರುವ ಹೊತ್ತಿಗೆ ಐದು ಅರ್ಜಿಗಳು ಕೊನೆ ಮುಟ್ಟಿವೆ, ನಾಲ್ಕರಲ್ಲಿ ಸೀಟು ಹೋಗಿದೆ. ಬ್ರೆಕನ್ ಆ್ಯಂಡ್ ರಾಡ್ನರ್‌ಶೈರ್‌ನ ಕ್ರಿಸ್ ಡೇವಿಸ್ ಕಚೇರಿಯ ಗೋಡೆಗೆ ಹಾಕಿಸಿದ 700 ಪೌಂಡಿನ ಚಿತ್ರಗಳಿಗೆ ಸುಳ್ಳು ಬಿಲ್ ಸೃಷ್ಟಿಸಿ 2019ರಲ್ಲಿ ಸ್ಥಾನ ಕಳೆದುಕೊಂಡರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಹಾಗೆ. ಕಾಯ್ದೆ ಅಡ್ಡ ಬರುವುದಿಲ್ಲವಾದ್ದರಿಂದ ಅದೇ ಉಪಚುನಾವಣೆಗೆ ಪಕ್ಷ ಅವರಿಗೇ ಮತ್ತೆ ಟಿಕೆಟ್ ಕೊಟ್ಟಿತು, ಜನ ಸೋಲಿಸಿದರು. ಕೋವಿಡ್ ಇದ್ದರೂ ಲಂಡನ್ನಿನಿಂದ ರೈಲು ಹತ್ತಿ ಊರಿಗೆ ಹೋದ ಮಾರ್ಗರೆಟ್ ಫೆರಿಯರ್ 2023ರಲ್ಲಿ ಸೀಟು ಕಳೆದುಕೊಂಡರು.

ವಿಫಲವಾದದ್ದು ಒಂದೇ ಒಂದು, ಮೊಟ್ಟಮೊದಲನೆಯದು. ಉತ್ತರ ಐರ್ಲೆಂಡಿನ ನಾರ್ತ್ ಆ್ಯಂಟ್ರಿಮ್, 2018. ಶ್ರೀಲಂಕಾ ಸರ್ಕಾರದ ಖರ್ಚಿನಲ್ಲಿ ಕುಟುಂಬ ಸಮೇತ ರಜೆ ಕಳೆದದ್ದನ್ನು ಘೋಷಿಸಿರಲಿಲ್ಲ ಎಂದು ಇಯಾನ್ ಪೇಸ್ಲಿ ಅವರನ್ನು ಸದನ 30 ದಿನ ಹೊರಗಿಟ್ಟಿತ್ತು. ಬೇಕಿದ್ದದ್ದು 7,543 ಸಹಿ. ಬಂದದ್ದು 7,099. ಬರೀ 444 ಕಡಿಮೆ. ಹತ್ತು ಕೇಂದ್ರ ತೆರೆಯಲು ಅವಕಾಶವಿದ್ದರೂ ಅಷ್ಟು ದೊಡ್ಡ ಗ್ರಾಮೀಣ ಕ್ಷೇತ್ರಕ್ಕೆ ತೆರೆದದ್ದು ಮೂರು. ನನಗೆ ಆ ಕಾರಿನಲ್ಲಿ ಕೂತಿದ್ದವರು ನೆನಪಾಗುತ್ತಾರೆ. ಹಾಗೆ ಕೂತು ಹಿಂದಿರುಗಿದವರು ಅಲ್ಲಿ ಎಷ್ಟು ಮಂದಿಯೋ. ತಂದೆ 1970ರಲ್ಲಿ ಗೆದ್ದಾಗಿನಿಂದ ಆ ಸೀಟು ಪೇಸ್ಲಿ ಕುಟುಂಬದ್ದೇ ಆಗಿತ್ತು. 2024ರಲ್ಲಿ ಮಗ ಸೋತರು, 450 ಮತಗಳ ಅಂತರದಲ್ಲಿ.

ಏನು ಮಾಡಿದರೂ ಏನೂ ಆಗಲ್ಲ ಅನ್ನುವವರಿಗೆ ಆಗ ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷದ ಸಂಸದ ಓವನ್ ಪ್ಯಾಟರ್ಸನ್ ಪ್ರಕರಣವನ್ನೂ ಹೇಳುತ್ತಿದ್ದೆ. ದುಡ್ಡು ಪಡೆದು ಕಂಪನಿಗಳ ಪರ ಲಾಬಿ ಮಾಡಿದ್ದಕ್ಕೆ ಸಮಿತಿ 30 ದಿನದ ಅಮಾನತು ಸೂಚಿಸಿತ್ತು. ಸರ್ಕಾರ 2021ರ ನವೆಂಬರ್ 3ರಂದು ಬಹುಮತದ ಬಲದಿಂದ ಅದನ್ನು ತಡೆಯಿತು. ಒಂದೇ ರಾತ್ರಿಯಲ್ಲಿ ಎದ್ದ ಆಕ್ರೋಶಕ್ಕೆ ಮರುದಿನವೇ ಹಿಂದೆ ಸರಿಯಿತು, ಪ್ಯಾಟರ್ಸನ್ ರಾಜೀನಾಮೆ ಕೊಟ್ಟರು. ಡಿಸೆಂಬರಿನಲ್ಲಿ ನಡೆದ ನಾರ್ತ್ ಶ್ರಾಪ್‌ಶೈರ್ ಉಪಚುನಾವಣೆಯಲ್ಲಿ ಸುಮಾರು 23,000 ಮತಗಳ ಮುನ್ನಡೆ ಕರಗಿ ಲಿಬರಲ್ ಡೆಮಾಕ್ರಾಟ್ ಅಭ್ಯರ್ಥಿ ಗೆದ್ದರು.

ಜನರ ಬೇಸರಕ್ಕೆ ಕಾರಣವಿಲ್ಲ ಎಂದು ನಾನು ಹೇಳುತ್ತಿಲ್ಲ. 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದವರು ನೂರಕ್ಕೆ ಅರವತ್ತೂ ಇಲ್ಲ. ಹಾಕಿದವರಲ್ಲಿ ಮೂರನೇ ಒಂದು ಪಾಲು ಪಡೆದ ಲೇಬರ್‌ಗೆ 650ರಲ್ಲಿ 411 ಸೀಟು, ಶೇ 14 ಪಡೆದ ರಿಫಾರ್ಮ್‌ಗೆ ಐದು. ನನ್ನ ಓಟಿಗೆ ಬೆಲೆಯಿಲ್ಲ ಅನ್ನುವವನಿಗೆ ಈ ಅಂಕಿಗಳನ್ನಿಟ್ಟುಕೊಂಡು ನಾನು ಎದುರಾಡಲಾರೆ. ಆದರೆ ಆ ಸಿಟ್ಟನ್ನು ಮತಪತ್ರದ ಮೇಲೆ ಬರೆದು ಹಾಕುವವರನ್ನು ಕಂಡಾಗ ಸಂಕಟವಾಗುತ್ತದೆ.

ಒಂದು ಎಣಿಕೆಯ ರಾತ್ರಿ, ಬ್ಯಾಡ್ಮಿಂಟನ್ ಆಡುವ ಹಾಲ್‌ನಲ್ಲಿ, ಸುಮಾರು ಎರಡೂವರೆ ಗಂಟೆ. ಸಂಶಯದ ಮತಪತ್ರಗಳ ಟ್ರೇಯಲ್ಲಿ ಒಂದು ಸಿಕ್ಕಿತು. ಯಾರಿಗೂ ಗುರುತು ಹಾಕಿರಲಿಲ್ಲ. ಖಾಲಿ ಜಾಗದಲ್ಲೆಲ್ಲ ಪೆನ್ಸಿಲಿನಲ್ಲಿ, ಶಾಲೆಯ ಕಾಪಿ ಬರಹದಂಥ ಅಕ್ಷರದಲ್ಲಿ, ಮನೆಯ ಗೋಡೆಯ ತೇವದ ಬಗ್ಗೆ, ಮಗುವಿನ ಉಬ್ಬಸದ ಬಗ್ಗೆ, ಬರೆದ ಪತ್ರಗಳಿಗೆ ಯಾರೂ ಉತ್ತರಿಸದ ಬಗ್ಗೆ ಬರೆದಿದ್ದರು. ಕೆಳಗೆ ಹೆಸರು. ಹೆಸರಿದ್ದುದರಿಂದ ‘ಮತದಾರನ ಗುರುತು ಸಿಗುವಂಥದ್ದು’ ಎಂಬ ಕಟ್ಟಿಗೆ ಹೋಯಿತು. ಹೆಸರಿಲ್ಲದಿದ್ದರೆ ಖಾಲಿ ಬಿಟ್ಟವರ, ಗೊಂದಲವಾಗಿ ಗೀಚಿದವರ ಕಟ್ಟಿಗೆ ಹೋಗುತ್ತಿತ್ತು. ಮೂರು ಸೆಕೆಂಡು. ಫಲಿತಾಂಶದ ಹಾಳೆಯಲ್ಲಿ ಅದೊಂದು ಅಂಕಿ. ಆಮೇಲೆ ಎಲ್ಲಕ್ಕೂ ಮೊಹರು ಬಿದ್ದು ಒಂದು ವರ್ಷ ಗೋದಾಮಿನಲ್ಲಿದ್ದು ನಾಶವಾಗುತ್ತದೆ. ಆ ಕಾಗದವನ್ನು ಓದಬೇಕಾದವರು ಯಾರೂ ಓದಲಿಲ್ಲ; ಓದಿದ್ದು ನಾನು, ಮಾಡುವಂಥದ್ದು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಬೈಗುಳ ಬರೆಯುವವರಿಗೆ ಇನ್ನೊಂದು ಮಾತು. ಒಬ್ಬನೇ ಅಭ್ಯರ್ಥಿಯ ಚೌಕದೊಳಗೆ ಗೀಚಿದರೆ, ಅದು ಅವನಿಗೇ ಹಾಕಿದ ಮತ ಎಂದು ಅಧಿಕಾರಿ ತೀರ್ಮಾನಿಸುವ ಸಾಧ್ಯತೆಯೂ ಇದೆ.

2025ರ ಮೇ 1ರಂದು ರನ್‌ಕಾರ್ನ್ ಆ್ಯಂಡ್ ಹೆಲ್ಸ್‌ಬಿಯಲ್ಲಿ ಉಪಚುನಾವಣೆ ನಡೆಯಿತು. ಅಲ್ಲಿನ ಸಂಸದ ಮೈಕ್ ಆಮ್ಸ್‌ಬರಿ ಕ್ಷೇತ್ರದ ಒಬ್ಬ ಮತದಾರನಿಗೇ ಗುದ್ದಿ ಶಿಕ್ಷೆಗೆ ಒಳಗಾಗಿ ರಾಜೀನಾಮೆ ಕೊಟ್ಟಿದ್ದರು. ಹಿಂದಿನ ವರ್ಷ ಅವರ ಮುನ್ನಡೆ 14,000ಕ್ಕೂ ಹೆಚ್ಚು. ಮರುಎಣಿಕೆಯ ನಂತರ ರಿಫಾರ್ಮ್ ಗೆದ್ದದ್ದು ಆರು ಮತಗಳಿಂದ. ಕ್ಷೇತ್ರದ ಅರ್ಧಕ್ಕಿಂತ ಹೆಚ್ಚು ಜನ ಮತಗಟ್ಟೆಗೆ ಬಂದಿರಲಿಲ್ಲ. ಫಲಿತಾಂಶ ಯಾರಿಗೆ ಸಂತೋಷ, ಯಾರಿಗೆ ದುಃಖ ಎಂಬುದು ನನ್ನ ವಿಷಯವಲ್ಲ. ಮನೆಯಲ್ಲೇ ಉಳಿದವರಲ್ಲಿ ಯಾವುದೇ ಏಳು ಮಂದಿ ಸೇರಿದ್ದರೆ ಆ ಸಂಸದ ಯಾರೆಂದು ತೀರ್ಮಾನಿಸಬಹುದಿತ್ತು.

ಕಳೆದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಹಾಸನದ ಕಡೆಯ ಒಬ್ಬ ಹುಡುಗ ಪಕ್ಕದಲ್ಲಿದ್ದ. ಕೆಲಸದ ವೀಸಾದಲ್ಲಿ ಬಂದು ಮೂರು ವರ್ಷ. ಇಲ್ಲಿನ ರಾಜಕಾರಣಿಗಳನ್ನು ಬಾಯ್ತುಂಬ ಬೈದು, “ನಮಗೇನ್ಸಾರ್, ಓಟಿಲ್ಲವಲ್ಲ” ಅಂದ. ಇದೆಯಪ್ಪಾ. ಭಾರತದ ಪಾಸ್‌ಪೋರ್ಟ್ ಇರುವವರು ಕಾಮನ್‌ವೆಲ್ತ್ ನಾಗರಿಕರು. ಇಲ್ಲಿ ಕಾನೂನುಬದ್ಧವಾಗಿ ವಾಸವಿದ್ದು, 18 ತುಂಬಿದ್ದರೆ ಪಾರ್ಲಿಮೆಂಟ್ ಚುನಾವಣೆಗೂ ಮತ ಹಾಕಬಹುದು. ಅದರಿಂದ ಭಾರತದ ಪೌರತ್ವಕ್ಕೆ ತೊಂದರೆಯಿಲ್ಲ. ಹೆಸರು ಸೇರಿಸಲು ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಮತ್ತು ಐದು ನಿಮಿಷ ಸಾಕು, ಮತದಾನಕ್ಕೆ 12 ಕೆಲಸದ ದಿನ ಮೊದಲೇ ಆಗಿರಬೇಕು ಅಷ್ಟೆ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಎಲ್ಲ ಕೇಳಿಸಿಕೊಂಡು, “ನೋಟಾ ಇದೆಯಾ ಸಾರ್?” ಅಂದ. ಇಲ್ಲ ಅಂದೆ. ಹೋಳಿಗೆ ತಿನ್ನುವುದು ನಿಲ್ಲಿಸಿ ಯೋಚನೆಗೆ ಬಿದ್ದ.

ಈ ಮೇ ತಿಂಗಳ ಸ್ಥಳೀಯ ಚುನಾವಣೆಯ ಬೆಳಿಗ್ಗೆ ಅವನದೊಂದು ಮೆಸೇಜ್ ಬಂತು. ಮತಗಟ್ಟೆಯ ಸಾಲಿನಿಂದಲೇ ಕಳಿಸಿದ್ದ: “ಸಾರ್, ಪೆನ್ಸಿಲ್ ಕಟ್ಟಿಟ್ಟಿದ್ದಾರೆ. ಆಮೇಲೆ ಅಳಿಸಿಬಿಟ್ಟರೆ?” ಅನುಮಾನ ಇದ್ದರೆ ನಿನ್ನ ಪೆನ್ನಿನಲ್ಲೇ ಗುರುತು ಹಾಕು, ಅದಕ್ಕೆ ಅವಕಾಶವಿದೆ ಎಂದು ಉತ್ತರ ಬರೆದೆ. ಜೇಬಿನಲ್ಲಿ ಪೆನ್ ಇರಲಿಲ್ಲವಂತೆ. ಹಿಂದೆ ನಿಂತಿದ್ದ ಹೆಂಗಸಿನ ಹತ್ತಿರ ಇಸಕೊಂಡನಂತೆ.