ಆಡಿದರೆ ಚಪ್ಪಾಳೆ, ಮಾತಾಡಿದರೆ ಗೇಟ್‌ಪಾಸ್

2024ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಅರೀಕೋಡ್ ಹತ್ತಿರದ ಒಂದು ಸೆವೆನ್ಸ್ (ಏಳೇಳು ಜನ ಆಡುವ ಫುಟ್ಬಾಲ್) ಪಂದ್ಯದಲ್ಲಿ ಐವರಿ ಕೋಸ್ಟ್‌ನ ಆಟಗಾರನೊಬ್ಬನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು. ಮೈಬಣ್ಣ ಹಿಡಿದು ಬೈದರು, ಕಲ್ಲೆಸೆದರು ಅಂತ ಅವನು ಪೊಲೀಸರಿಗೆ ದೂರು ಕೊಟ್ಟ. ಮೊದಲು ಒದ್ದದ್ದು ಅವನೇ ಅಂತ ನೋಡುತ್ತಿದ್ದವರು ಹೇಳಿದರು. ವಿಡಿಯೊ ನಮ್ಮ ಕಾಸರಗೋಡಿನ ಫೋನುಗಳಿಗೂ ಬಂತು. ಸ್ವಲ್ಪ ದಿನ ಚರ್ಚೆ ಆಯಿತು, ಆಮೇಲೆ ತಣ್ಣಗಾಯಿತು.

ಸೆವೆನ್ಸ್ ಅಂದರೆ ಏನು ಅಂತ ಕುಂಬಳೆ, ಮೊಗ್ರಾಲ್, ಉಪ್ಪಳದವರಿಗೆ ಹೇಳಿಕೊಡಬೇಕಾಗಿಲ್ಲ. ಕೊಯ್ಲು ಮುಗಿದ ಗದ್ದೆ, ಫ್ಲಡ್ ಲೈಟ್, ತಾತ್ಕಾಲಿಕ ಗ್ಯಾಲರಿ. ಒಂದೇ ಸಾಲಿನಲ್ಲಿ ಕೂತವರ ಬಾಯಲ್ಲಿ ಮಲಯಾಳ, ಕನ್ನಡ, ತುಳು, ಬ್ಯಾರಿ. ಆಫ್ರಿಕಾದ ಯಾವ ದೇಶದಿಂದ ಬಂದಿದ್ದರೂ ಆಟಗಾರನಿಗೆ ‘ಸುಡಾನಿ’ ಅಂತಲೇ ಹೆಸರು. ಗೋಲ್ ಹೊಡೆದರೆ ಹೆಗಲ ಮೇಲೆ ಹೊತ್ತುಕೊಳ್ಳುತ್ತಾರೆ. ಅವನೇ ತಿರುಗಿ ನಿಂತು ‘ಹೀಗೆಲ್ಲ ಕರೀಬೇಡಿ’ ಅಂದರೆ ಮಾತ್ರ ಮುಖ ಬದಲಾಗುತ್ತದೆ. ಆಟಕ್ಕೆ ಬಂದವನು ಆಟ ಆಡಬೇಕು, ಅಲ್ವಾ?

ಈ ಮಾತಿಗೆ ವಯಸ್ಸಾಗಿದೆ. ವಿಶ್ವಕಪ್ ಬಂದಾಗ ನಾವು ಬ್ರೆಜಿಲ್ ಫ್ಲೆಕ್ಸ್ ಕಟ್ಟುತ್ತೇವಲ್ಲ, ಅದೇ ಬ್ರೆಜಿಲ್‌ನ ವಿನಿಸಿಯಸ್ ಜೂನಿಯರ್‌ಗೂ ಇದನ್ನೇ ಹೇಳಿದವರಿದ್ದಾರೆ. 2023ರ ಮೇ ತಿಂಗಳಲ್ಲಿ ಸ್ಪೇನ್‌ನ ವಲೆನ್ಸಿಯಾದಲ್ಲಿ ಗ್ಯಾಲರಿಯಿಂದ ಕೋತಿ ಅಂತ ಕೂಗಿದರು. 22ರ ಹುಡುಗ ಆಟ ನಿಲ್ಲಿಸಿ, ಕೂಗಿದವರನ್ನೇ ಬೆರಳು ಮಾಡಿ ತೋರಿಸಿದ. ಪಂದ್ಯ ಮುಗಿಯುವ ಮೊದಲು ಕೆಂಪು ಕಾರ್ಡ್ ಸಿಕ್ಕಿದ್ದು ಅವನಿಗೇ! ಆಮೇಲೆ ಆ ಕಾರ್ಡ್ ರದ್ದಾಯಿತು. ಮರುವರ್ಷ ಮೂವರು ಅಭಿಮಾನಿಗಳಿಗೆ ಎಂಟು ತಿಂಗಳ ಸಜೆ ಆಯಿತು. ಬೈಸಿಕೊಂಡವನ ಬದುಕಿನಲ್ಲೇ, ಇಷ್ಟು ಬೇಗ ನ್ಯಾಯ ಸಿಗುವುದು ಹೊಸ ವಿಷಯ. ಹಿಂದಿನವರಿಗೆ ಸಿಕ್ಕಿದ್ದು ಬೇರೆ.

ಎಲ್ಲರೂ ನೋಡಿರುವ ಆ ಕಪ್ಪು ಬಿಳುಪು ಫೋಟೊ 1968ರ ಅಕ್ಟೋಬರ್ 16ರದ್ದು. ಮೆಕ್ಸಿಕೊ ಒಲಿಂಪಿಕ್ಸ್, 200 ಮೀಟರ್ ಓಟ. ಅಮೆರಿಕದ ಟಾಮಿ ಸ್ಮಿತ್ 19.83 ಸೆಕೆಂಡಿನ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು, ಜಾನ್ ಕಾರ್ಲೋಸ್‌ಗೆ ಕಂಚು. ಇಬ್ಬರೂ ಶೂ ಬಿಚ್ಚಿ, ಕಪ್ಪು ಸಾಕ್ಸ್‌ನಲ್ಲೇ ವೇದಿಕೆ ಹತ್ತಿದರು. ಕರಿಯರ ಬಡತನ ತೋರಿಸುವುದಕ್ಕೆ ಅದು. ರಾಷ್ಟ್ರಗೀತೆಯ ಹೊತ್ತಿಗೆ ಕಪ್ಪು ಕೈಗವಸು ಹಾಕಿದ ಮುಷ್ಟಿ ಎತ್ತುವುದು ಅಂತ ಇತ್ತು, ಆದರೆ ಕಾರ್ಲೋಸ್ ತಮ್ಮ ಕೈಗವಸು ತರಲು ಮರೆತಿದ್ದರು. ‘ಒಂದೇ ಜೊತೆಯನ್ನು ಹಂಚಿಕೊಳ್ಳಿ’ ಅಂತ ಹೇಳಿದ್ದು ಬೆಳ್ಳಿ ಗೆದ್ದ ಆಸ್ಟ್ರೇಲಿಯಾದ ಬಿಳಿಯ, ಪೀಟರ್ ನಾರ್ಮನ್. ಹಾಗಾಗಿ ಫೋಟೊದಲ್ಲಿ ಒಬ್ಬರ ಬಲಗೈ, ಇನ್ನೊಬ್ಬರ ಎಡಗೈ ಮೇಲಿದೆ. ನಾರ್ಮನ್ ಕೈ ಎತ್ತಲಿಲ್ಲ. ಆದರೆ ಎದೆ ಮೇಲೆ ಅವರಿಬ್ಬರು ಹಾಕಿಕೊಂಡಂಥದ್ದೇ ಬ್ಯಾಡ್ಜ್ ಇತ್ತು.

ಅದು ದಿಢೀರ್ ಅಂತ ಹೊಳೆದದ್ದಲ್ಲ. ಸ್ಯಾನ್ ಹೊಸೆಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಹ್ಯಾರಿ ಎಡ್ವರ್ಡ್ಸ್ ಜೊತೆ ಅಲ್ಲಿನ ವಿದ್ಯಾರ್ಥಿಗಳಾದ ಸ್ಮಿತ್, ಕಾರ್ಲೋಸ್ ಮೊದಲೇ ಸಂಘಟನೆ ಕಟ್ಟಿದ್ದರು. ವರ್ಣಭೇದದ ದಕ್ಷಿಣ ಆಫ್ರಿಕಾವನ್ನು ಹೊರಗಿಡಿ, ಯುದ್ಧಕ್ಕೆ ಹೋಗಲ್ಲ ಅಂದದ್ದಕ್ಕೆ ಬಾಕ್ಸರ್ ಮುಹಮ್ಮದ್ ಅಲಿಯಿಂದ ಕಿತ್ತುಕೊಂಡ ಪಟ್ಟ ವಾಪಸ್ ಕೊಡಿ, ಒಲಿಂಪಿಕ್ ಸಮಿತಿಯ ಅಧ್ಯಕ್ಷ ಏವರಿ ಬ್ರಂಡೇಜ್‌ರನ್ನು ಕೆಳಗಿಳಿಸಿ, ಇವು ಅವರ ಬೇಡಿಕೆಗಳು. ಅದೇ ಬ್ರಂಡೇಜ್ ಒತ್ತಡ ಹಾಕಿ ಇಬ್ಬರನ್ನೂ ಕ್ರೀಡಾಗ್ರಾಮದಿಂದ ಹೊರಗೆ ಹಾಕಿಸಿದರು. 1936ರ ಬರ್ಲಿನ್‌ನಲ್ಲಿ ನಾಜಿ ಸೆಲ್ಯೂಟ್ ನೋಡಿ ಇವರಿಗೆ ಅಭ್ಯಂತರವೇನೂ ಇರಲಿಲ್ಲ ಅನ್ನುವುದನ್ನು ಇಲ್ಲಿ ಸೇರಿಸಲೇಬೇಕು.

ಸ್ಮಿತ್, ಕಾರ್ಲೋಸ್‌ಗೆ ಕೊಲೆ ಬೆದರಿಕೆ ಬಂತು. ನಾರ್ಮನ್ ಮತ್ತೆಂದೂ ಒಲಿಂಪಿಕ್ಸ್‌ನಲ್ಲಿ ಓಡಲಿಲ್ಲ. 2006ರಲ್ಲಿ ಅವರು ತೀರಿಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಸ್ಮಿತ್, ಕಾರ್ಲೋಸ್ ಇಬ್ಬರೂ ಇದ್ದರು. ಅವರನ್ನು ನಡೆಸಿಕೊಂಡ ರೀತಿಗೆ ಆಸ್ಟ್ರೇಲಿಯಾದ ಸಂಸತ್ತು ಕ್ಷಮೆ ಕೇಳಿದ್ದು 2012ರಲ್ಲಿ. ಅವರ 20.06 ಸೆಕೆಂಡಿನ ದೇಶೀಯ ದಾಖಲೆ ಮಾತ್ರ 56 ವರ್ಷ ಉಳಿಯಿತು. 2024ರ ಡಿಸೆಂಬರ್‌ನಲ್ಲಿ ಅದನ್ನು ಮುರಿದದ್ದು ಗೌಟ್ ಗೌಟ್ ಎಂಬ 16ರ ಶಾಲಾ ಹುಡುಗ. ಅವನ ಅಪ್ಪ ಅಮ್ಮ ದಕ್ಷಿಣ ಸುಡಾನ್‌ನಿಂದ ಬಂದವರು.

ನಮ್ಮ ದೇಶವೂ ಒಮ್ಮೆ ದೊಡ್ಡ ಬೆಲೆ ತೆತ್ತಿದೆ. 1974ರಲ್ಲಿ ಭಾರತ ಟೆನಿಸ್‌ನ ಡೇವಿಸ್ ಕಪ್ ಫೈನಲ್‌ಗೆ ಬಂದಿತ್ತು, ಎದುರಾಳಿ ದಕ್ಷಿಣ ಆಫ್ರಿಕಾ. ಆಡುವುದಿಲ್ಲ ಅಂತ ಭಾರತ ಹೇಳಿತು, ಕಪ್ ಅವರಿಗೆ ಹೋಯಿತು. ನಿರ್ಧಾರ ಮೇಲಿನವರದ್ದು. ಕಳೆದುಕೊಂಡದ್ದು ಇಪ್ಪತ್ತರ ಆಸುಪಾಸಿನ ವಿಜಯ್ ಅಮೃತ್‌ರಾಜ್‌ನಂಥ ಹುಡುಗರು. ಆ ಕಪ್ ನಮಗೆ ಇವತ್ತಿಗೂ ಸಿಕ್ಕಿಲ್ಲ.

ಹೊರಗಿನವರ ವರ್ಣಭೇದದ ವಿರುದ್ಧ ನಿಲ್ಲುವುದು ಸುಲಭ ಅಂತ ಹೇಳಲಾರೆ. ಆದರೆ ಮನೆಯೊಳಗಿನದು ಇನ್ನೂ ಕಷ್ಟ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಎಡಗೈ ಸ್ಪಿನ್ನರ್, ದಲಿತರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ಕಿತ್ತವರು. ಪುಣೆಯಲ್ಲಿ ಜೊತೆಗೆ ಆಡುವವರು ಅವರ ಕೈಯಿಂದ ಚೆಂಡು ಮುಟ್ಟುತ್ತಿದ್ದರು, ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬಿಸಾಡುವ ಮಣ್ಣಿನ ಲೋಟದಲ್ಲಿ. ಧರ್ಮಕ್ಕೊಂದು ತಂಡ ಇದ್ದ ಆ ಕಾಲದಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ಯಾವತ್ತೂ ಕೊಡಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ್, ಶಿವರಾಮ್ ಇದನ್ನು ಬಹಿರಂಗವಾಗಿ ಹೇಳಿ ತಂಡದಿಂದ ಹೊರಗೆ ಬಂದರು. ಅಣ್ಣನನ್ನು ಉಪನಾಯಕ ಮಾಡಿದ ಮೇಲೆಯೇ ಮರಳಿದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಮೆಕ್ಸಿಕೊದ ಮುಷ್ಟಿಗಿಂತ 48 ವರ್ಷ ಹಿಂದಿನ ಈ ಪ್ರತಿಭಟನೆ ನಮ್ಮ ಎಷ್ಟು ಪಾಠಪುಸ್ತಕಗಳಲ್ಲಿದೆ?

ಅದು ಜಾತಿ, ಇದು ಜನಾಂಗ, ಎರಡೂ ಬೇರೆ ಅನ್ನುವವರು ಇದ್ದಾರೆ. ಇರಬಹುದು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಕೊರಗ ಬುಡಕಟ್ಟಿನವರನ್ನು ಓಡಿಸುತ್ತಿದ್ದ ತುಳುನಾಡು ನಮ್ಮದು. ಅಂಥ ಅಜಲು ಪದ್ಧತಿ ನಿಲ್ಲಿಸುವುದಕ್ಕೆ ತಲಪಾಡಿಯ ಆಚೆ ಕರ್ನಾಟಕ 2000ದಲ್ಲಿ ಕಾನೂನೇ ತರಬೇಕಾಯಿತು.

2020ರಲ್ಲಿ ಅಮೆರಿಕದ ಕರಿಯ ಜಾರ್ಜ್ ಫ್ಲಾಯ್ಡ್ ಪೊಲೀಸ್ ಮಂಡಿಯ ಕೆಳಗೆ ಸತ್ತ ಮೇಲೆ ಚಿತ್ರ ಬದಲಾಯಿತು. 16ರ ಟೆನಿಸ್ ಆಟಗಾರ್ತಿ ಕೋಕೊ ಗಾಫ್ ಫ್ಲಾರಿಡಾದ ತಮ್ಮೂರಿನ ಸಭೆಯಲ್ಲಿ ಮಾತಾಡಿದರು. ನವೋಮಿ ಒಸಾಕಾ ಯುಎಸ್ ಓಪನ್‌ನ ಏಳು ಪಂದ್ಯಕ್ಕೆ ಏಳು ಮಾಸ್ಕ್ ತಂದರು, ಒಂದೊಂದರ ಮೇಲೂ ಹೀಗೆ ಸತ್ತ ಒಬ್ಬೊಬ್ಬ ಕರಿಯರ ಹೆಸರು. ಏಳೂ ತೋರಿಸಬೇಕಾದರೆ ಫೈನಲ್ ತನಕ ಹೋಗಬೇಕು. ಹೋದರು, ಗೆದ್ದರು.

2021ರ ಅಕ್ಟೋಬರ್‌ನಲ್ಲಿ ದುಬೈಯಲ್ಲಿ ಪಾಕಿಸ್ತಾನದ ಎದುರು ಭಾರತ ಕ್ರಿಕೆಟ್ ತಂಡವೂ ವರ್ಣಭೇದದ ವಿರುದ್ಧ ಮಂಡಿಯೂರಿತು. ಪಿಚ್ ಹತ್ತಿರ ರೋಹಿತ್ ಶರ್ಮಾ ಜೊತೆ ಸುರತ್ಕಲ್‌ನಲ್ಲಿ ಬೆಳೆದ ಕೆ.ಎಲ್. ರಾಹುಲ್ ಇದ್ದರು. ಆದರೆ ಆಡಳಿತದಿಂದ ಸೂಚನೆ ಬಂದಿತ್ತು ಅಂತ ನಾಯಕ ಕೊಹ್ಲಿಯೇ ಆಮೇಲೆ ಹೇಳಿದರು. ಮೇಲಿನವರು ಹೇಳಿ ಮಾಡಿಸಿದ ಮೇಲೆ ಅದು ಪ್ರತಿಭಟನೆಯಾ? ನನ್ನ ಮಟ್ಟಿಗೆ ಅಲ್ಲ. ಒಳ್ಳೆಯ ಕೆಲಸ, ಅಷ್ಟೆ.

ನಿಜವಾದ ಬೆಲೆ ತೆತ್ತದ್ದು ಮಂಡಿಯೂರುವುದನ್ನು ಶುರು ಮಾಡಿದವರು. 2016ರಲ್ಲಿ ಅಮೆರಿಕನ್ ಫುಟ್ಬಾಲ್‌ನ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ಹೊತ್ತಿಗೆ ಮೊದಲು ಕೂತರು. ಮಾಜಿ ಸೈನಿಕರೊಬ್ಬರ ಜೊತೆ ಮಾತಾಡಿದ ಮೇಲೆ, ಗೌರವವೂ ಇರಲಿ ಅಂತ ಮಂಡಿಯೂರಿದರು. ಆ ಋತುವಿನ ನಂತರ ಯಾವ ತಂಡವೂ ಅವರನ್ನು ತೆಗೆದುಕೊಳ್ಳಲಿಲ್ಲ. ಸಿಯಾಟಲ್‌ನ ಒಂದು ಹೈಸ್ಕೂಲಿನ ಇಡೀ ತಂಡ ಹಾಗೇ ಮಾಡಿತು. ಟೆಕ್ಸಾಸ್‌ನಲ್ಲಿ 11, 12 ವಯಸ್ಸಿನ ಮಕ್ಕಳು ಮಂಡಿಯೂರಿದರು. ಅವರ ಕೋಚ್ ಅಮಾನತಾದರು, ತಂಡದ ಆ ಋತುವೇ ಅರ್ಧಕ್ಕೆ ನಿಂತಿತು.

ರಾಷ್ಟ್ರಗೀತೆ ಅಂದ ಕೂಡಲೇ ನಮ್ಮ ಕಡೆಯೂ ಮೈ ಬಿಸಿಯಾಗುತ್ತದೆ. 1985ರಲ್ಲಿ ನಮ್ಮದೇ ಕೇರಳದಲ್ಲಿ ಮೂವರು ಶಾಲಾಮಕ್ಕಳನ್ನು ಜನಗಣಮನ ಹಾಡಲಿಲ್ಲ ಅಂತ ಹೊರಗೆ ಹಾಕಿದ್ದರು. ಅವರದು ಧರ್ಮದ ಕಾರಣ, ಜನಾಂಗದ್ದಲ್ಲ. ಅಮೆರಿಕದ ಕೋರ್ಟ್ 1943ರಲ್ಲಿ ಧ್ವಜವಂದನೆ ಬಗ್ಗೆ ಕೊಟ್ಟ ತೀರ್ಪನ್ನೂ ನೋಡಿ, 1986ರ ಆಗಸ್ಟ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಆ ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಆದರೆ ಆ ಮಕ್ಕಳು ಎದ್ದು ನಿಂತಿದ್ದರು, ಹಾಡಿರಲಿಲ್ಲ ಅಷ್ಟೆ. ನ್ಯಾಯಮೂರ್ತಿಗಳು ಅದನ್ನೇ ಗೌರವ ಅಂತ ಒಪ್ಪಿದ್ದು. ಮಂಡಿಯೂರಿದ್ದರೆ ತೀರ್ಪು ಹೀಗೇ ಬರುತ್ತಿತ್ತಾ? ನನಗೆ ಅನುಮಾನವೇ. ದುಬೈಯಲ್ಲಿ ನಮ್ಮ ತಂಡ ಮಂಡಿಯೂರಿದ್ದು ಕೂಡ ರಾಷ್ಟ್ರಗೀತೆ ಮುಗಿದ ಮೇಲೆ, ಮೊದಲ ಚೆಂಡಿಗೆ ಸ್ವಲ್ಪ ಮುಂಚೆ.