ಆರ್ಡರ್ ಹೋಗಿದೆ, ಸರಿ. ಡ್ರಾಯಿಂಗಿಗೆ ಸಹಿ ಬಿತ್ತೇ?

"ಲಿಫ್ಟ್ ಆರ್ಡರ್ ಕೊಟ್ಟು ತಿಂಗಳಾಯ್ತು, ಇನ್ನೆರಡು ತಿಂಗಳಲ್ಲಿ ಬಂದುಬಿಡುತ್ತೆ" ಎನ್ನುವ, ಕಟ್ಟಡ ಕಟ್ಟಿಸುತ್ತಿರುವ ಮಾಲೀಕರನ್ನು ಕೇಳಬೇಕಾದ್ದು ಒಂದೇ: ತಯಾರಕರು ಕಳಿಸುವ ಡ್ರಾಯಿಂಗಿಗೆ, ಅಂದರೆ ಅಳತೆಯ ನಕ್ಷೆಗೆ, ಒಪ್ಪಿಗೆ ಕೊಟ್ಟಿದ್ದೀರಾ? ಹೆಚ್ಚಿನ ಸಲ ಅದು ಯಾರದೋ ಮೇಜಿನ ಮೇಲೆ ಬಿದ್ದಿರುತ್ತದೆ.

ಕೊಟೇಶನ್ನಿನಲ್ಲಿ ಬರೆದ "12 ವಾರ" ಆರ್ಡರಿನ ದಿನದಿಂದ ಶುರುವಾಗುವುದು ಅಪರೂಪ. ಷರತ್ತುಗಳ ಪುಟ ಓದಿ. ಮುಂಗಡ ಸಂದಾಯವಾಗಿ, ಡ್ರಾಯಿಂಗ್ ಒಪ್ಪಿಗೆಯಾದ ಮೇಲೆ ಎಂದೇ ಸಾಮಾನ್ಯವಾಗಿ ಇರುತ್ತದೆ. ಹೀಗೆ ಲೆಕ್ಕ ಹಾಕಿ: ತಯಾರಕರು ಡ್ರಾಯಿಂಗ್ ಕಳಿಸಲು 3 ವಾರ, ಆರ್ಕಿಟೆಕ್ಟ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲು 2. ಲಿಫ್ಟ್ ಕೂರಿಸಲು ಕಟ್ಟಿದ ಗುಂಡಿಯ ಅಳತೆಯಲ್ಲಿ 50 ಮಿಲಿಮೀಟರ್ ಕಮ್ಮಿಯಾಗಿದ್ದರೆ ತಿದ್ದುಪಡಿಗೆ ಮತ್ತೆ 2. ತಯಾರಿಕೆ 12, ಸಾಗಣೆ 3. ಒಟ್ಟು 22 ವಾರ. ನೀವು ಎಣಿಸಿದ್ದು 12! ವಿದ್ಯುತ್ ಪ್ಯಾನೆಲ್, ಟ್ರಾನ್ಸ್‌ಫಾರ್ಮರ್, ಚಿಲ್ಲರ್ (ಎಸಿಗೆ ನೀರು ತಣಿಸುವ ಯಂತ್ರ), ಮುಂಭಾಗದ ಗಾಜು, ಎಲ್ಲದರ ಹಣೆಬರಹವೂ ಇದೇ.

ಆದ್ದರಿಂದ ಸೈಟಿಗೆ ಬೇಕಾದ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಪ್ರತಿ ಹಂತದ ಎದುರು ಒಬ್ಬರ ಹೆಸರು ಬರೆಯಿರಿ. "ಕನ್ಸಲ್ಟೆಂಟ್ ಟೀಮ್" ಎಂದು ಬರೆದರೆ ಯಾರೂ ಸಹಿ ಹಾಕುವುದಿಲ್ಲ. ಕಾರ್ಖಾನೆಗೂ ಹೋಗಿ ನೋಡಿ. "ತಯಾರಾಗ್ತಾ ಇದೆ" ಎಂಬ ಮಾತಿಗಿಂತ ಗೈಡ್ ರೈಲು (ಲಿಫ್ಟ್ ಓಡುವ ಹಳಿ) ಕತ್ತರಿಸಿ ಇಟ್ಟಿದ್ದನ್ನು ಕಣ್ಣಾರೆ ಕಂಡರೆ ನಂಬಬಹುದು.

ಇಷ್ಟು ಹೇಳಿದ ಕೂಡಲೇ ಕೆಲವರು ಹೆದರಿ ಸಿಮೆಂಟನ್ನೂ ಒಟ್ಟಿಗೇ ತಂದು ಪೇರಿಸುತ್ತಾರೆ. ಬೇಡ ಮಾರಾಯರೇ. ಚೀಲದ ಸಿಮೆಂಟ್ ತೇವ ಎಳೆದುಕೊಳ್ಳುತ್ತದೆ. 3 ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಬಳಸಬಾರದು. ಹಲಗೆಯ ಮೇಲೆ, ಗೋಡೆಯಿಂದ ದೂರ, 10 ಚೀಲಕ್ಕಿಂತ ಎತ್ತರ ಪೇರಿಸದೆ ಇಡಿ, ಮೊದಲು ಬಂದದ್ದನ್ನು ಮೊದಲು ತೆಗೆಯಿರಿ. ಕಾಂಕ್ರೀಟಿಗೆ ಬೆರೆಸುವ ರಾಸಾಯನಿಕದ (ಅಡ್‌ಮಿಕ್ಸ್ಚರ್) ಡಬ್ಬದ ಅವಧಿಯನ್ನೂ ನೋಡಿ.

ಇಬ್ಬರು ಡೀಲರ್ ಇದ್ದಾರೆಂಬ ಧೈರ್ಯವೂ ಅಷ್ಟಕ್ಕಷ್ಟೆ. ಇಬ್ಬರೂ ಒಂದೇ ಕಾರ್ಖಾನೆಯ ಮಾಲು ಮಾರುತ್ತಿದ್ದರೆ ನಿಮಗಿರುವುದು ಒಂದೇ ಮೂಲ. ಯಾವ ಕಾರ್ಖಾನೆ, ಯಾವ ಬಂದರು ಎಂದು ಕೇಳಿ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ನಿಂತದ್ದು 6 ದಿನ. ಹಿಂದೆ ಕಾದು ನಿಂತ ನೂರಾರು ಹಡಗುಗಳಿಂದಾಗಿ ಬಂದರುಗಳ ಗಡಿಬಿಡಿ ಅದಕ್ಕಿಂತ ಬಹಳ ದಿನ ಎಳೆಯಿತು.

ಬದಲಿ ಮಾಲಿಗೂ ಈಗಲೇ ಒಪ್ಪಿಗೆ ತೆಗೆದಿಡಿ. ಸ್ಯಾಂಪಲ್, ಪರೀಕ್ಷಾ ವರದಿ, ಕನ್ಸಲ್ಟೆಂಟ್ ಸಹಿ, ಮೂರೂ ಫೈಲಿನಲ್ಲಿರಲಿ. ಕೊರತೆ ಬಿದ್ದ ದಿನ ಆ ಸಹಿಗೆ ಓಡಾಡಿದರೆ ಅದಕ್ಕೂ 2 ವಾರ ಹಿಡಿಯುತ್ತದೆ.